ಪಾಲುದಾರರ ಕುದುರೆ, ಮೊದಲ ಓಟ: ಓದುಗರ ಪ್ರಶ್ನೆಗಳಿಗೆ ಉತ್ತರ

ನಾಲ್ಕೈದು ಜನ ಕೂಡಿ ಒಂದು ರೇಸ್ ಕುದುರೆ ಕೊಳ್ಳುವುದು ಬೆಂಗಳೂರು, ಮೈಸೂರಿನ ಲಾಯಗಳಲ್ಲಿ ಹೊಸದೇನಲ್ಲ. ದುಡ್ಡು ಹಾಕಿದವರು ಕುದುರೆಯ ಮುಖ ನೋಡುವುದು ತಿಂಗಳಿಗೊಂದು ಸಲ. ಉಳಿದ ದಿನವೆಲ್ಲ ಟ್ರೇನರ್ ಫೋನು, ಅಭ್ಯಾಸದ ಓಟದ ಸಮಯ ಬರೆಯುವ ಪತ್ರಿಕೆಯ ಟ್ರ್ಯಾಕ್ ವರದಿ, ವಾಟ್ಸಾಪ್ ಗುಂಪಿನ ಗುಮಾನಿ. ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಆ ಗುಮಾನಿಯಿಂದಲೇ ಹುಟ್ಟಿದವು.

ನಾವು ನಾಲ್ವರು ಸೇರಿ ಒಂದು ಹೆಣ್ಣು ಮರಿ ಕೊಂಡಿದ್ದೇವೆ. ಹುಟ್ಟಿದ್ದು ಏಪ್ರಿಲ್ ಕೊನೆಯಲ್ಲಿ. ಲೆಕ್ಕದ ಪ್ರಕಾರ ಜನವರಿಗೇ ಎರಡು ವರ್ಷ ತುಂಬಿತು. ಯಾವಾಗ ಓಡುತ್ತದೆ ಎಂದರೆ ಟ್ರೇನರ್ ‘ನೋಡೋಣ’ ಅನ್ನುತ್ತಾರೆ. ಎಷ್ಟು ದಿನ ಅಂತ ನೋಡುವುದು? (ತುಮಕೂರು)

ರೇಸಿನ ಲೆಕ್ಕದಲ್ಲಿ ಎಲ್ಲ ಕುದುರೆಗಳಿಗೂ ಜನವರಿ 1ರಂದೇ ಹುಟ್ಟುಹಬ್ಬ. ಜನವರಿಯಲ್ಲಿ ಹುಟ್ಟಿದ ಮರಿಗೆ ಆ ದಿನ ನಿಜಕ್ಕೂ 24 ತಿಂಗಳು. ನಿಮ್ಮದಕ್ಕೆ 20 ತಿಂಗಳು ಮಾತ್ರ. ಈ ವಯಸ್ಸಿನಲ್ಲಿ ನಾಲ್ಕು ತಿಂಗಳೆಂದರೆ ಒಂದನೇ ಕ್ಲಾಸಿನ ಮಗುವಿಗೂ ಮೂರನೇ ಕ್ಲಾಸಿನ ಮಗುವಿಗೂ ಇರುವಷ್ಟು ಅಂತರ. ಆದರೂ ಎರಡು ಮರಿಗಳೂ ಓಟ ಶುರುವಾಗುವ ಒಂದೇ ಗೇಟಿನಿಂದ ಹೊರಡಬೇಕು.

ಮುಂಗಾಲಿನ ಮಂಡಿಯ ಮೇಲಿರುವ ಮೂಳೆಯ ತುದಿಯಲ್ಲಿ ಬೆಳವಣಿಗೆಯ ಪದರ ಒಂದಿರುತ್ತದೆ. ಅದು ಗಟ್ಟಿಯಾಗಿ ಮುಚ್ಚಿಕೊಳ್ಳುವುದು ಸುಮಾರು ಎರಡರಿಂದ ಎರಡೂವರೆ ವರ್ಷಕ್ಕೆ. ಮುಚ್ಚಿದೆಯೇ ಎಂಬುದು ಎಕ್ಸ್‌ರೇಯಲ್ಲಿ ಕಾಣುತ್ತದೆ. ತೆಗೆಸಿದ್ದಾರೆಯೇ ಎಂದು ಕೇಳಿ, ತೆಗೆಸಿಲ್ಲವಾದರೆ ವೇಗದ ಕೆಲಸ ಶುರುವಾಗುವ ಮೊದಲು ತೆಗೆಸಿ. ಕಣ್ಣಿಗೇ ಕಾಣುವ ಇನ್ನೊಂದು ಗುರುತಿದೆ. ಮರಿಯನ್ನು ಸಮ ನೆಲದ ಮೇಲೆ ನಿಲ್ಲಿಸಿ ಪಕ್ಕದಿಂದ ನೋಡಿ. ಹೆಗಲ ಉಬ್ಬಿಗಿಂತ ಹಿಂಭಾಗ ಎತ್ತರವಾಗಿದ್ದರೆ ಅದಿನ್ನೂ ಬೆಳೆಯುತ್ತಿದೆ ಎಂದರ್ಥ. ಆ ಹೊತ್ತಿನಲ್ಲಿ ಜೋರು ಕೆಲಸ ಕೊಟ್ಟರೆ ತಿಂದದ್ದೆಲ್ಲ ಎತ್ತರಕ್ಕೆ ಹೋಗುತ್ತದೆ, ಮೈ ಹತ್ತುವುದಿಲ್ಲ.

ಅಂದಾಜು ಹೀಗಿಟ್ಟುಕೊಳ್ಳಿ: ಪಳಗಿಸಲು ನಾಲ್ಕರಿಂದ ಆರು ವಾರ, ಟ್ರಾಟ್ (ಚುರುಕು ಹೆಜ್ಜೆ) ಮತ್ತು ನಿಧಾನ ಕ್ಯಾಂಟರ್ (ಹಗುರ ಓಟ) ಎರಡು ಮೂರು ತಿಂಗಳು, ಆಮೇಲೆ ಅರ್ಧ ವೇಗ, ಕೊನೆಗೆ ಪೂರ್ತಿ ವೇಗ ಹಾಗೂ ಗೇಟು. ಒಂದು ದಿನವೂ ತಪ್ಪದಿದ್ದರೆ ಆರರಿಂದ ಎಂಟು ತಿಂಗಳು. ಆದರೆ ತಪ್ಪದೆ ನಡೆಯುವ ಮರಿ ಇಲ್ಲ. ಒಂದು ಕೆಮ್ಮು ಬಂದರೆ ಮೂರು ವಾರ ಹೋಯಿತು. ನಮ್ಮಲ್ಲಿ ಹೆಚ್ಚಿನ ಮರಿಗಳು ಎರಡನೇ ವರ್ಷದ ಕೊನೆಗೋ ಮೂರನೇ ವರ್ಷದಲ್ಲೋ ಮೊದಲ ಸಲ ಓಡುತ್ತವೆ. ಆದ್ದರಿಂದ ‘ಯಾವಾಗ ಓಡುತ್ತೆ’ ಅಂತ ಕೇಳಬೇಡಿ. ‘ಈಗ ಯಾವ ಹಂತದಲ್ಲಿದೆ, ಮುಂದಿನ ಹಂತಕ್ಕೆ ಏನು ಬಾಕಿ’ ಎಂದು ಕೇಳಿ. ಅದಕ್ಕೂ ‘ನೋಡೋಣ’ ಎಂದೇ ಉತ್ತರ ಬಂದರೆ ಆಗ ಚಿಂತೆ ಮಾಡಿ.

ಬೆನ್ನ ಮೇಲೆ ಜೀನು ಹಾಕಿ ಹತ್ತುವುದಕ್ಕೆ ಒಂದು ತಿಂಗಳು ಬೇಕೆ? ಹಳ್ಳಿಯಲ್ಲಿ ಎರಡು ದಿನಕ್ಕೆ ಹೋರಿ ಪಳಗಿಸುತ್ತಾರಲ್ಲ! (ಹಾಸನ)

ಹೋರಿಯ ಬೆನ್ನ ಮೇಲೆ ಕೂತು ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ತಿರುವು ಹೊಡೆಯಬೇಕಾಗಿಲ್ಲ. ಈ ತಿಂಗಳಲ್ಲಿ ಆದ ತಪ್ಪು ಕುದುರೆಯ ಬಾಯಲ್ಲಿ ಆಯುಷ್ಯಪೂರ್ತಿ ಉಳಿಯುತ್ತದೆ.

ಮೊದಲು ಹಲ್ಲು. ದವಡೆ ಹಲ್ಲಿನ ಮುಂದೆ ಕೆಲವು ಮರಿಗಳಿಗೆ ಕಡಲೆಕಾಳಿನಷ್ಟು ಸಣ್ಣ ಹಲ್ಲು ಬಂದಿರುತ್ತದೆ. ಕಡಿವಾಣ ಅದಕ್ಕೆ ತಾಗಿದರೆ ತಲೆ ಒದರುತ್ತದೆ. ವೈದ್ಯರು ಅದನ್ನು ಕಿತ್ತು, ಗಾಯ ಮಾಯ್ದ ಮೇಲೆ ಬಾಯಿ ಪಳಗಿಸುವ ಕಡಿವಾಣ ಹಾಕುತ್ತಾರೆ. ಅದರ ನಡುವೆ ಮೂರು ಪುಟ್ಟ ಬೀಗದಕೈಯಂಥ ತುಣುಕು ಜೋತುಬಿದ್ದಿರುತ್ತವೆ. ಮರಿ ನಾಲಿಗೆಯಿಂದ ಅದನ್ನು ಆಡಿಸುತ್ತಾ ಜೊಲ್ಲು ಸುರಿಸಬೇಕು. ತುಟಿಯಂಚಿನಲ್ಲಿ ಬಿಳಿ ನೊರೆ ಕಂಡರೆ ಪಾಠ ಹಿಡಿಯುತ್ತಿದೆ. ಬಾಯಿ ಒಣಗಿದ್ದು ದವಡೆ ಬಿಗಿದಿದ್ದರೆ ಇನ್ನೂ ಹೆದರಿದೆ. ದಿನಕ್ಕೆ ಇಪ್ಪತ್ತು ಮೂವತ್ತು ನಿಮಿಷ ಸಾಕು.

ಆಮೇಲೆ ಹೊಟ್ಟೆಪಟ್ಟಿ. ಮೊದಲ ದಿನ ಸಡಿಲ, ದಿನಕ್ಕೊಂದು ತೂತು ಬಿಗಿ. ಒಂದೇ ದಿನ ಎಳೆದು ಕಟ್ಟಿದರೆ ಮರಿ ಬಿಲ್ಲಿನಂತೆ ಬೆನ್ನು ಬಾಗಿಸಿ ಎಗರುತ್ತದೆ, ಆ ಭಯ ಜೀನು ಕಂಡಾಗಲೆಲ್ಲ ಮರುಕಳಿಸುತ್ತದೆ. ಮರಳು ಹಾಸಿದ ದುಂಡು ಅಂಗಳದಲ್ಲಿ ಉದ್ದ ಹಗ್ಗ ಹಿಡಿದು ಸುತ್ತು ಹಾಕಿಸುವುದು ಎಡಕ್ಕೆ ಹತ್ತು ನಿಮಿಷ, ಬಲಕ್ಕೆ ಹತ್ತು ನಿಮಿಷ. ಅದಕ್ಕಿಂತ ಹೆಚ್ಚಾದರೆ ಸುತ್ತುವ ಭಾರ ಎಳೆ ಕೀಲುಗಳ ಮೇಲೆ ಬೀಳುತ್ತದೆ. ನಂತರ ಏಳೆಂಟು ಮೀಟರಿನ ಎರಡು ಲಗಾಮು ಕಟ್ಟಿ, ಉಳುವವರ ಹಾಗೆ ಹಿಂದೆ ನಡೆಯುತ್ತಾ ಒಂದೆರಡು ವಾರ ನಡೆಸುತ್ತಾರೆ. ತಿರುಗು, ನಿಲ್ಲು, ಮುಂದೆ ಹೋಗು ಎಂಬ ಮೂರೂ ಪಾಠ ಸವಾರನಿಲ್ಲದೆಯೇ ಆಗುವುದು ಇಲ್ಲಿ. ಅವಸರದ ಲಾಯಗಳಲ್ಲಿ ಬಿಟ್ಟುಹೋಗುವುದೂ ಇದೇ ಹಂತ.

ಹತ್ತುವ ದಿನ ಮೂವರು ಬೇಕು. ಒಬ್ಬರು ತಲೆ ಹಿಡಿದು, ಒಬ್ಬರು ಸವಾರನ ಕಾಲೆತ್ತಿ ಕೊಟ್ಟು, ಸವಾರ ಲಾಯದ ಕೋಣೆಯೊಳಗೇ ಜೀನಿನ ಮೇಲೆ ಹೊಟ್ಟೆಯಡಿಯಾಗಿ ಅಡ್ಡ ಮಲಗುತ್ತಾನೆ. ಇಳಿಯುತ್ತಾನೆ, ಮತ್ತೆ ಮಲಗುತ್ತಾನೆ, ಎರಡೂ ಪಕ್ಕದಿಂದ. ಕುದುರೆ ಕಿವಿ ಸಡಿಲ ಬಿಟ್ಟು ಉಸಿರೆಳೆದ ಮೇಲೆಯೇ ಕಾಲು ಆಚೆ ಹಾಕುವುದು. ಹೊರಗೆ ಹೋಗುವಾಗ ಮುಂದೆ ಒಂದು ಸಾಧು ಹಳೆಯ ಕುದುರೆ.

ಬಾಯಿಯ ಪಾಠ ಕೆಟ್ಟರೆ ಮರಿ ನಾಲಿಗೆಯನ್ನು ಕಡಿವಾಣದ ಮೇಲೆ ಹಾಕಿಕೊಳ್ಳುವುದನ್ನು ಕಲಿಯುತ್ತದೆ. ಓಟದ ಮಧ್ಯೆ ಹಾಗೆ ಮಾಡಿದರೆ ಹಿಡಿತ ತಪ್ಪುತ್ತದೆ, ನಾಲಿಗೆ ಹಿಂದಕ್ಕೆ ಸರಿದು ಉಸಿರಿಗೂ ಅಡ್ಡಿ. ಮುಂದೆ ನಾಲಿಗೆ ಕಟ್ಟಿ ಓಡಿಸಬೇಕಾಗುವ ಕುದುರೆಗಳಲ್ಲಿ ಎಷ್ಟೋ ಈ ಮೊದಲ ತಿಂಗಳ ಸಾಲ ತೀರಿಸುತ್ತಿರುತ್ತವೆ.

‘ಶಿನ್ ಸೋರ್’ (ಮುಂಗಾಲಿನ ಮೂಳೆ ನೋವು) ಅಂತ ಹೇಳಿ ನಮ್ಮ ಮರಿಯನ್ನು ಮೂರು ವಾರದಿಂದ ನಡೆಸುವುದು ಬಿಟ್ಟು ಬೇರೇನೂ ಮಾಡುತ್ತಿಲ್ಲ. ಬಿಲ್ಲು ಮಾತ್ರ ಪೂರ್ತಿ. ಇದು ನೆಪವೇ? (ಬೆಂಗಳೂರು)

ಕುದುರೆ ಕಂಡರೆ ಕಾಲು ನೋವು ಎಂಬ ಗಾದೆ ನಿಮ್ಮ ಟ್ರೇನರ್ ಮೇಲೆ ಪ್ರಯೋಗಿಸುವ ಮುಂಚೆ ನೀವೇ ಒಂದು ಪರೀಕ್ಷೆ ಮಾಡಬಹುದು. ಕುದುರೆ ನೋಡಿಕೊಳ್ಳುವ ಸೈಸ್ ತಲೆ ಹಿಡಿದಿರಲಿ. ಮಂಡಿಗೂ ಕಾಲ್ಗಂಟಿಗೂ ನಡುವಿನ ಉದ್ದ ಮೂಳೆಯ ಮುಂಭಾಗದ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಒತ್ತುತ್ತಾ ಮೇಲಿನಿಂದ ಕೆಳಗೆ ಬನ್ನಿ. ನೋವಿದ್ದರೆ ಮರಿ ಕಾಲು ಕಿತ್ತುಕೊಳ್ಳುತ್ತದೆ, ಕಿವಿ ಹಿಂದಕ್ಕೆ ಮಡಚುತ್ತದೆ. ಎರಡು ಕಾಲಿಗೂ ಕೈಯ ಹಿಂಭಾಗ ತಾಗಿಸಿ ಬಿಸಿಯ ವ್ಯತ್ಯಾಸ ನೋಡಿ. ಎರಡೂ ಕಾಲು ನೋಯುತ್ತಿದ್ದರೆ ಕುಂಟುವುದಿಲ್ಲ, ಹೆಜ್ಜೆ ಮೊಟಕಾಗುತ್ತದೆ ಅಷ್ಟೆ. ಆದ್ದರಿಂದಲೇ ಮಾಲೀಕರಿಗೆ ‘ಚೆನ್ನಾಗೇ ನಡೀತಿದೆಯಲ್ಲ’ ಅನ್ನಿಸುವುದು.

ಕಾರಣ ಸರಳ. ಎಳೆ ಮೂಳೆಯ ಆಕಾರ ನಿಧಾನ ನಡಿಗೆಯ ಭಾರಕ್ಕೆ ತಕ್ಕಂತಿರುತ್ತದೆ. ವೇಗ ಬಂದಾಗ ಮುಂಭಾಗದ ಮೇಲೆ ಬೀಳುವ ಒತ್ತಡ ಬೇರೆ ಬಗೆಯದು. ಮೂಳೆ ಅದಕ್ಕೆ ಹೊಂದಿಕೊಳ್ಳಲು ಹೊಸ ಪದರ ಹಾಕುತ್ತದೆ. ಪದರ ಗಟ್ಟಿಯಾಗುವ ಮೊದಲೇ ಮತ್ತೆ ಮತ್ತೆ ಭಾರ ಬಿದ್ದರೆ ಮೂಳೆಯ ಹೊದಿಕೆ ಊದಿಕೊಂಡು ನೋಯುತ್ತದೆ. ಎರಡು ವರ್ಷದ ರೇಸ್ ಕುದುರೆಗಳಲ್ಲಿ ಅತಿ ಸಾಮಾನ್ಯ ತೊಂದರೆಗಳಲ್ಲಿ ಇದೊಂದು. ನೆಪವಾಗಿರುವ ಸಾಧ್ಯತೆ ಕಡಿಮೆ.

ಚಿಕಿತ್ಸೆ: ವೇಗದ ಕೆಲಸ ಬಂದ್, ದಿನಕ್ಕೆರಡು ಸಲ ಹದಿನೈದು ಇಪ್ಪತ್ತು ನಿಮಿಷ ತಣ್ಣೀರು ಅಥವಾ ಮಂಜುಗಡ್ಡೆ, ಕೈಯಲ್ಲಿ ಹಿಡಿದು ನಡೆಸುವುದು, ವೈದ್ಯರು ಹೇಳಿದಷ್ಟು ದಿನ ಊತದ ಔಷಧ. ಔಷಧದಿಂದ ನೋವು ಅಡಗಿದ್ದನ್ನು ವಾಸಿಯಾದದ್ದು ಎಂದುಕೊಂಡು ಓಡಿಸುವುದೇ ದೊಡ್ಡ ತಪ್ಪು. ಹೆಬ್ಬೆರಳ ಪರೀಕ್ಷೆಗೆ ಮರಿ ಸುಮ್ಮನೆ ನಿಲ್ಲುವವರೆಗೆ ಕಾಯಬೇಕು. ಊತ ಇಳಿಯದಿದ್ದರೆ, ಒಂದೇ ಜಾಗದಲ್ಲಿ ಚುಕ್ಕೆಯಂತೆ ನೋವಿದ್ದರೆ ಎಕ್ಸ್‌ರೇ ತೆಗೆಸಲೇಬೇಕು. ಅಲ್ಲಿ ಕೂದಲೆಳೆಯ ಬಿರುಕು ಇರಬಹುದು. ಚರ್ಮಕ್ಕೆ ಬರೆ ಹಾಕುವ, ಗುಳ್ಳೆ ಏಳಿಸುವ ಲೇಪ ಹಚ್ಚುವ ಹಳೆಯ ಪದ್ಧತಿಗೆ ಒಪ್ಪಬೇಡಿ. ಅದರಿಂದ ಆದ ಲಾಭವೆಂದರೆ ಆ ನೆಪದಲ್ಲಿ ಕುದುರೆಗೆ ಸಿಗುತ್ತಿದ್ದ ವಿಶ್ರಾಂತಿ ಮಾತ್ರ.

ಮತ್ತೆ ಶುರು ಮಾಡುವಾಗ ಟ್ರೇನರ್ ಜೊತೆ ಒಂದು ಮಾತು ಆಡಿ. ಮೈಲಿಗಟ್ಟಲೆ ಅರ್ಧ ವೇಗದ ಓಟಕ್ಕಿಂತ ವಾರಕ್ಕೆ ಎರಡು ಸಲ 200 ಮೀಟರಿನಂಥ ಸಣ್ಣ ಚುರುಕು ಓಟ ಮೂಳೆಗೆ ಒಳ್ಳೆಯದು. ಯಾವ ವೇಗಕ್ಕೆ ಒಗ್ಗಬೇಕೋ ಆ ವೇಗವನ್ನು ಸ್ವಲ್ಪ ಸ್ವಲ್ಪವೇ ತೋರಿಸಬೇಕು. 200 ಇದ್ದದ್ದು ಕೆಲ ವಾರಗಳಲ್ಲಿ 400, ಆಮೇಲೆ 600 ಆಗುತ್ತದೆ.

ಪತ್ರಿಕೆಯ ಟ್ರ್ಯಾಕ್ ವರದಿಯಲ್ಲಿ ನಮ್ಮ ಕುದುರೆ ‘ಔಟರ್ ಸ್ಯಾಂಡ್ 1000 ಮೀ. 1-10, 600 ಮೀ. 42’ ಅಂತ ಬಂತು (ಔಟರ್ ಸ್ಯಾಂಡ್ ಅಂದರೆ ಹೊರ ಸುತ್ತಿನ ಮರಳು ಟ್ರ್ಯಾಕ್). ಅದೇ ದಿನ ಇನ್ನೊಂದು ಮರಿ 1-6, 41. ನಮ್ಮದು ನಿಧಾನವೇ? (ಮೈಸೂರು)

ಭಾಗಾಕಾರ ಮಾಡಿ ನೋಡಿ. 1-10 ಅಂದರೆ ಒಂದು ನಿಮಿಷ ಹತ್ತು ಸೆಕೆಂಡು, 600ರ ಅಂಕಿ ಕೊನೆಯ 600 ಮೀಟರಿನದು. ನಿಮ್ಮದು ಮೊದಲ 400 ಮೀಟರನ್ನು 28 ಸೆಕೆಂಡಿನಲ್ಲಿ ಓಡಿತು, ಅಂದರೆ 200ಕ್ಕೆ 14. ಕೊನೆಯ 600 ಮೀಟರ್ 42 ಸೆಕೆಂಡು, ಅದೂ 200ಕ್ಕೆ 14. ಗಡಿಯಾರ ಇಟ್ಟ ಹಾಗೆ ಒಂದೇ ಸಮ. ಇನ್ನೊಂದು ಮರಿ ಮೊದಲ 400ನ್ನು 25ರಲ್ಲಿ ಮುಗಿಸಿತು, 200ಕ್ಕೆ 12.5. ಆಮೇಲಿನ 600ಕ್ಕೆ 41, ಅಂದರೆ 200ಕ್ಕೆ ಹದಿಮೂರೂವರೆಗಿಂತ ಹೆಚ್ಚು. ಮುಂದೆ ಸುರಿದು ಹಿಂದೆ ಬಸವಳಿಯಿತು. ನಾಲ್ಕು ಸೆಕೆಂಡು ನೋಡಿ ಹೊಟ್ಟೆ ಉರಿದುಕೊಳ್ಳುವಂಥದ್ದೇನೂ ಇಲ್ಲ. ಎಳೆಯ ಕುದುರೆಗೆ ನಿಮ್ಮ ಟ್ರೇನರ್ ಕೊಡಿಸಿದ ಪಾಠ ಸರಿಯಾಗಿದೆ.

ವರದಿಯಲ್ಲಿ ಕಾಣದ ಸಂಗತಿಗಳೂ ಇವೆ. ಮೇಲೆ ಕೂತವರು 50 ಕಿಲೋ ಜಾಕಿಯೋ 62 ಕಿಲೋ ರೈಡಿಂಗ್ ಬಾಯ್‌ನೋ? ಮಳೆ ಬಂದು ಮರಳು ಗಟ್ಟಿಯಾಗಿತ್ತೋ, ಬಿಸಿಲಿಗೆ ಸಡಿಲವಾಗಿತ್ತೋ? ಕಟಾಂಜನದ ಪಕ್ಕ ಓಡಿತೋ, ಟ್ರ್ಯಾಕಿನ ನಡುವೆಯೋ? ಜೊತೆಗೆ ಬೇರೆ ಕುದುರೆ ಇತ್ತೋ, ಒಂಟಿಯೋ? ವರದಿಗಾರರ ಟಿಪ್ಪಣಿಯಲ್ಲಿ ‘ಸಲೀಸಾಗಿ’ ಎಂದಿದ್ದರೆ ಅಂಕಿಗಿಂತ ಅದಕ್ಕೇ ಬೆಲೆ ಹೆಚ್ಚು. ಇನ್ನರ್ ಸ್ಯಾಂಡಿನ ಸಮಯವನ್ನು ಔಟರ್ ಸ್ಯಾಂಡಿನದರ ಜೊತೆ ಹೋಲಿಸಬೇಡಿ.

ನಿಜವಾದ ವರದಿ ಸಿಗುವುದು ಕೆಲಸ ಮುಗಿದ ಮೇಲೆ. ಹತ್ತು ಹದಿನೈದು ನಿಮಿಷ ನಡೆಸಿದ ಮೇಲೆ ನಾಡಿ ನಿಮಿಷಕ್ಕೆ 60ರ ಆಸುಪಾಸಿಗೆ ಇಳಿಯಿತೇ? ವಿಶ್ರಾಂತಿಯಲ್ಲಿ ಅದು 30ರಿಂದ 40. ಸಂಜೆ ಉಷ್ಣ 99.5ರಿಂದ 101 ಡಿಗ್ರಿ ಫ್ಯಾರನ್‌ಹೀಟ್ ಒಳಗಿದೆಯೇ? ಮರುದಿನ ಬೆಳಿಗ್ಗೆ ಮೇವಿನ ತೊಟ್ಟಿ ಖಾಲಿಯೇ? ತೊಟ್ಟಿಯ ಮೂಲೆಯಲ್ಲಿ ಅರ್ಧ ಕಿಲೋ ದಾಣಿ ಉಳಿದಿದ್ದರೆ ಸೈಸ್ ಅದನ್ನು ಟ್ರೇನರ್‌ಗೆ ಹೇಳುವ ಲಾಯ ಒಳ್ಳೆಯ ಲಾಯ. ಕಾಲು ಕೆಡುವ ಮುಂಚೆ, ಕೆಮ್ಮು ಬರುವ ಮುಂಚೆ, ಹೊಟ್ಟೆಯಲ್ಲಿ ಹುಣ್ಣಾದಾಗ ಕುದುರೆ ಮೊದಲು ಬಿಡುವುದು ಮೇವನ್ನೇ.

ಲಾಯಕ್ಕೆ ಹೋಗುವಾಗ ಬೆಲ್ಲ, ಕ್ಯಾರೆಟ್, ಮನೆಯ ಸಿಹಿ ತೆಗೆದುಕೊಂಡು ಹೋಗಬಹುದೆ? ಮೇವು ಏನು ಕೊಡುತ್ತಾರೆ ಎಂಬುದೂ ತಿಳಿಯಬೇಕು. (ಮಂಡ್ಯ)

ಕ್ಯಾರೆಟ್ಟನ್ನು ಉದ್ದಕ್ಕೆ ಸೀಳಿ ಕೊಡಿ. ದುಂಡಗೆ ಕತ್ತರಿಸಿದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಬೆಲ್ಲ ಸಣ್ಣ ತುಂಡು, ಅದೂ ಸೈಸ್‌ನ ಕೇಳಿ. ಮನೆಯ ಸಿಹಿ ಬೇಡವೇ ಬೇಡ. ಗಸಗಸೆ ಬಿದ್ದ ತಿಂಡಿಯಿಂದ ಮಾರ್ಫಿನ್, ಚಾಕೊಲೇಟಿನಿಂದ ಥಿಯೊಬ್ರೊಮಿನ್, ಚಹಾ ಕಾಫಿಯಿಂದ ಕೆಫೀನ್ ಕುದುರೆಯ ಮೂತ್ರದಲ್ಲಿ ಸಿಗುತ್ತವೆ. ಗೆದ್ದ ಕುದುರೆಯ ಮಾದರಿ ಪರೀಕ್ಷೆಗೆ ಹೋಗುತ್ತದೆ. ಸಿಕ್ಕಿಬಿದ್ದರೆ ‘ಪ್ರೀತಿಯಿಂದ ಕೊಟ್ಟೆವು’ ಎಂಬ ಸಮಜಾಯಿಷಿ ನಡೆಯುವುದಿಲ್ಲ. ಗೆಲುವು ಹೋಗುತ್ತದೆ, ದಂಡ ಬೀಳುವುದು ಟ್ರೇನರ್‌ಗೆ. ಮಂಡಿನೋವಿನ ಮುಲಾಮು ಹಚ್ಚಿದ ಕೈಯಿಂದ ಮೂತಿ ಸವರಬೇಡಿ, ಕೆಲವು ಮುಲಾಮುಗಳಲ್ಲಿರುವ ಮೆಣಸಿನಕಾಯಿಯ ಖಾರದ ಸತ್ವವೂ ನಿಷಿದ್ಧ ಪಟ್ಟಿಯಲ್ಲಿದೆ. ಒಣಹುಲ್ಲಿನಲ್ಲಿ ಉಮ್ಮತ್ತಿ ಗಿಡ ಬೆರೆತು ಬಂದರೂ ಸಾಕು, ಪರೀಕ್ಷೆಯಲ್ಲಿ ತೊಂದರೆ. ಮಾತ್ರೆ ತೆಗೆದುಕೊಳ್ಳುವವರು ಲಾಯದ ಹಾಸಿನ ಮೇಲೆ ಮೂತ್ರ ಮಾಡಿದ್ದರಿಂದ ಕುದುರೆ ಪರೀಕ್ಷೆಯಲ್ಲಿ ಸಿಕ್ಕಿಬೀಳಬಹುದು. ಹೇಳಲು ಮುಜುಗರ, ಆದರೂ ಪಾಲುದಾರರಿಗೆ ಗೊತ್ತಿರಬೇಕು.

ಮೇವಿನ ಲೆಕ್ಕ ಹೀಗೆ. 450 ಕಿಲೋ ತೂಗುವ ಮರಿಗೆ ಒಣಹುಲ್ಲು ಐದಾರು ಕಿಲೋ, ಓಟ್ಸ್ ಇಲ್ಲವೆ ಪೆಲೆಟ್ ದಾಣಿ ನಾಲ್ಕರಿಂದ ಆರು ಕಿಲೋ, ಜೊತೆಗೆ ಸ್ವಲ್ಪ ಹಸಿ ಕುದುರೆಮಸಾಲೆ (ಲೂಸರ್ನ್) ಸೊಪ್ಪು. ಬೇಯಿಸಿದ ಹುರುಳಿ ನಮ್ಮ ಕಡೆಯ ಹಳೆಯ ಪದ್ಧತಿ. ಮುಖ್ಯ ನಿಯಮ ಒಂದೇ: ಒಂದು ಹೊತ್ತಿಗೆ ಎರಡೂವರೆ ಕಿಲೋ ಮೀರಿ ದಾಣಿ ಹಾಕಬಾರದು. ಕುದುರೆಯ ಜಠರ ಅದರ ಮೈಗೆ ಹೋಲಿಸಿದರೆ ತೀರ ಚಿಕ್ಕದು. ಹೆಚ್ಚಾದ ಪಿಷ್ಟ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿದು ಹುಳಿಯುತ್ತದೆ. ಹೊಟ್ಟೆಶೂಲೆ, ಗೊರಸಿನೊಳಗೆ ಉರಿಯೂತ ಎರಡಕ್ಕೂ ಅದೇ ದಾರಿ. ಕೆಲಸವಿಲ್ಲದ ದಿನ ದಾಣಿ ಅರ್ಧಕ್ಕೆ ಇಳಿಸಬೇಕು. ಇಳಿಸದೆ ಮರುದಿನ ಓಡಿಸಿದರೆ ಹಿಂದೊಡೆಯ ಸ್ನಾಯು ಕಲ್ಲಾಗಿ ಕುದುರೆ ನಿಂತಲ್ಲೇ ನಿಲ್ಲುತ್ತದೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಆಗ ಒಂದು ಹೆಜ್ಜೆಯನ್ನೂ ನಡೆಸದೆ ವೈದ್ಯರನ್ನು ಕರೆಯಬೇಕು. ನೀರು ದಿನಕ್ಕೆ 30ರಿಂದ 45 ಲೀಟರ್, ಬೇಸಿಗೆಯಲ್ಲಿ ಇನ್ನೂ ಹೆಚ್ಚು.

ನಮ್ಮ ಕುದುರೆ ಗೇಟಿನೊಳಗೆ ಹೋಗಲು ಹಟ ಮಾಡುತ್ತದಂತೆ. ಬಲವಂತ ಮಾಡಿದರೆ ಕಲಿಯುವುದಿಲ್ಲವೆ? (ದಾವಣಗೆರೆ)

ಕುದುರೆ ಬಯಲಿನ ಪ್ರಾಣಿ. ಹೆದರಿದಾಗ ಓಡುವುದೊಂದೇ ಅದಕ್ಕೆ ಗೊತ್ತಿರುವ ದಾರಿ. ಗೇಟಿನೊಳಗೆ ಆ ದಾರಿಯನ್ನೇ ಮುಚ್ಚುತ್ತೀರಿ, ಎರಡೂ ಪಕ್ಕ ಕಬ್ಬಿಣ, ಮೇಲೆ ಮನುಷ್ಯ. ಬಲವಂತದಿಂದ ಒಳಗೆ ನೂಕಿದರೆ ಹೋಗುತ್ತದೆ, ಹೋಗಿ ಒದೆಯುತ್ತದೆ ಇಲ್ಲವೆ ನೆಟ್ಟಗೆ ಏಳುತ್ತದೆ. ಹಿಂಗಾಲಿನ ಮಂಡಿ ಊದಿಸಿಕೊಂಡು ಬಂದರೆ ಮತ್ತೆ ಎರಡು ತಿಂಗಳು ಲಾಯ.

ಕ್ರಮ ಹೀಗಿರಬೇಕು. ಹಿಂದೆ ಮುಂದೆ ಎರಡೂ ಬಾಗಿಲು ತೆರೆದಿಟ್ಟು, ಹಳೆಯ ಕುದುರೆಯ ಹಿಂದೆ ನಡೆಸಿಕೊಂಡು ಆಚೆ ಬರುವುದು, ನಾಲ್ಕೈದು ದಿನ. ಆಮೇಲೆ ಒಳಗೆ ಒಂದು ನಿಮಿಷ ನಿಂತು ಆಚೆ. ಆಮೇಲೆ ಮುಂಬಾಗಿಲು ಮುಚ್ಚಿ ನಿಲ್ಲಿಸಿ ಕೈಯಿಂದ ತೆರೆಯುವುದು. ಹಿಂಬಾಗಿಲು ಮುಚ್ಚುವುದು ಕೊನೆಗೆ, ಆ ಸದ್ದಿಗೇ ಹೆಚ್ಚಿನವು ಬೆಚ್ಚುವುದು. ನಂತರ ಯಂತ್ರದಿಂದ ತೆರೆದು ಕ್ಯಾಂಟರಿನಲ್ಲಿ ಹೊರಡುವುದು, ಕಡೆಗೆ ಇನ್ನೆರಡು ಮೂರು ಕುದುರೆಗಳ ಜೊತೆ ಜಿಗಿದು ಓಡುವುದು. ಪೂರ್ತಿ ಜಿಗಿತ ಮೂರು ನಾಲ್ಕು ಸಲ ಸಾಕು. ಅದಕ್ಕಿಂತ ಹೆಚ್ಚು ಮಾಡಿಸಿದರೆ ಗೇಟು ಕಂಡೊಡನೆ ಬೆವರು ಸುರಿಸುವ ಕುದುರೆ ತಯಾರಾಗುತ್ತದೆ.

ಓಟ ಶುರು ಮಾಡಿಸುವ ಅಧಿಕಾರಿ, ಅಂದರೆ ಸ್ಟಾರ್ಟರ್ ಒಪ್ಪಿದ ಮೇಲೆಯೇ ಮರಿಗೆ ಓಟ. ಈ ಪಾಠದ ಬೆಲೆ ಎಷ್ಟೆಂದರೆ, ಒಂದು ಸೆಕೆಂಡು ಸುಮಾರು ಐದು ಕುದುರೆಯ ಉದ್ದಕ್ಕೆ ಸಮ. ಗೇಟಿನಲ್ಲಿ ಒಂದು ಸೆಕೆಂಡು ತಡವಾದದ್ದನ್ನು 1200 ಮೀಟರಿನಲ್ಲಿ ಹಿಂದಕ್ಕೆ ಪಡೆಯುವ ಮರಿಗಳು ಅಪರೂಪ.

ಬೆಂಗಳೂರಿನಿಂದ ಮೈಸೂರಿಗೆ ಕುದುರೆ ಸಾಗಿಸುತ್ತಾರಂತೆ. ಏನಾದರೂ ಎಚ್ಚರಿಕೆ? (ರಾಮನಗರ)

ತಲೆಯನ್ನು ಎತ್ತರಕ್ಕೆ ಬಿಗಿದು ಕಟ್ಟಬಾರದು. ತಲೆ ತಗ್ಗಿಸಲಾಗದಿದ್ದರೆ ಶ್ವಾಸನಾಳದ ಕಫ ಹೊರಬರದೆ ಶ್ವಾಸಕೋಶಕ್ಕೆ ಇಳಿಯುತ್ತದೆ, ಎರಡು ದಿನ ಬಿಟ್ಟು ಜ್ವರ. ಇಳಿದ ಮೇಲೆ ಮೂರು ದಿನ ಬೆಳಿಗ್ಗೆ ಸಂಜೆ ಉಷ್ಣ ನೋಡಬೇಕು. ಇನ್‌ಫ್ಲುಯೆಂಜಾ ಲಸಿಕೆಯ ದಾಖಲೆ ಪಾಸ್‌ಪೋರ್ಟಿನಲ್ಲಿ ಸರಿಯಿರಲಿ.

ಕೊನೆಗೂ ಮೊದಲ ಓಟ ಗೊತ್ತಾಗಿದೆ, 1200 ಮೀಟರ್. ಎಷ್ಟು ಆಸೆ ಇಟ್ಟುಕೊಳ್ಳಬೇಕು? ಏನು ನೋಡಬೇಕು? ಜಾಕಿಗೆ ನಾವೇನಾದರೂ ಹೇಳಬಹುದೆ? (ಬೆಂಗಳೂರು, ಐವರು ಪಾಲುದಾರರು)

ಒಮ್ಮೆಯೂ ಗೆಲ್ಲದ ಕುದುರೆಗಳಿಗಾಗಿಯೇ ಇರುವ ಮೇಡನ್ ಓಟದಲ್ಲಿ ಓಡಿಸುತ್ತಿದ್ದಾರೆ ಎಂದುಕೊಳ್ಳುತ್ತೇವೆ. ಓಟದ ಕಾರ್ಡಿನಲ್ಲಿ ‘ಟರ್ಮ್ಸ್’ ಎಂದಿದ್ದರೆ ಕುದುರೆ ಹೊರುವ ಭಾರ, ತೂಕ ಗೊತ್ತುಮಾಡುವ ಅಧಿಕಾರಿಯಾದ ಹ್ಯಾಂಡಿಕ್ಯಾಪರ್ ಇಚ್ಛೆಯದಲ್ಲ, ಓಟದ ನಿಬಂಧನೆಯಲ್ಲೇ ನಿಗದಿಯಾದದ್ದು. ಸಾಮಾನ್ಯವಾಗಿ ಗಂಡಿಗಿಂತ ಹೆಣ್ಣಿಗೆ ಒಂದೂವರೆ ಕಿಲೋ ಕಡಿಮೆ. ಜಾಕಿ, ಜೀನು, ಬೇಕಾದರೆ ಸೀಸದ ತುಂಡು, ಎಲ್ಲ ಸೇರಿ ಆ ತೂಕ ಬರಬೇಕು. ಓಟಕ್ಕೆ ಮುಂಚೆ ಉಕ್ಕಿನ ಲಾಳ ತೆಗೆದು ಹಗುರ ಅಲ್ಯುಮಿನಿಯಂ ಲಾಳ ಹೊಡೆಯುತ್ತಾರೆ. ಮೊಳೆ ಒಂದು ಕೂದಲೆಳೆ ಒಳಗೆ ಹೋದರೂ ಮಾರನೇ ದಿನ ಕುಂಟು, ಆದ್ದರಿಂದ ಈ ಕೆಲಸ ಕೊನೆಯ ಗಳಿಗೆಗೆ ಬಿಡಬಾರದು.

ಓಟಕ್ಕೆ ಮುಂಚೆ ಕುದುರೆಗಳನ್ನು ನಡೆಸಿ ತೋರಿಸುವ ಪ್ಯಾಡಾಕಿನಲ್ಲಿ ಕುತ್ತಿಗೆ, ಹಿಂದೊಡೆಗಳ ನಡುವೆ ನೊರೆ ಬೆವರು ಹಾಕಿ ಪಕ್ಕಪಕ್ಕಕ್ಕೆ ಕುಣಿಯುತ್ತಿದ್ದರೆ ಓಟ ಅಲ್ಲೇ ಅರ್ಧ ಮುಗಿದಿದೆ. ಕಿವಿ ಆಡಿಸುತ್ತಾ, ಹಿಂಗಾಲಿನ ಗೊರಸು ಮುಂಗಾಲಿನ ಗುರುತನ್ನು ದಾಟಿ ಬೀಳುವಂತೆ ಉದ್ದ ಹೆಜ್ಜೆ ಹಾಕುತ್ತಿದ್ದರೆ ಸಂತೋಷಪಡಿ. ಓಟದಲ್ಲಿ ನಿಮ್ಮ ಮರಿಗೆ ಮೂರು ಹೊಸ ಸಂಗತಿಗಳು ಒಟ್ಟಿಗೇ ಎದುರಾಗುತ್ತವೆ: ಮುಖಕ್ಕೆ ಹಾರಿ ಬಡಿಯುವ ಹುಲ್ಲು ಮಣ್ಣು, ಎರಡೂ ಪಕ್ಕ ತಾಗುವ ಮೈ, ಸ್ಟ್ಯಾಂಡಿನ ಕೂಗು. ಬೆಳಗಿನ ಟ್ರ್ಯಾಕಿನಲ್ಲಿ ಮೂರೂ ಇಷ್ಟು ಒತ್ತಿ ಬಂದಿರುವುದಿಲ್ಲ. ಅಭ್ಯಾಸದ ಓಟವಾದ ಮಾಕ್ ರೇಸಿನಲ್ಲಿ ಓಡಿದ್ದರೆ ಸ್ವಲ್ಪ ರೂಢಿ. ಇಲ್ಲದಿದ್ದರೆ ತಲೆ ಎತ್ತುತ್ತದೆ, ತಿರುವಿನಲ್ಲಿ ಹೊರಗೆ ಜಾರುತ್ತದೆ, ಕೊನೆಯ 400 ಮೀಟರಿನಲ್ಲಿ ಸ್ಟ್ಯಾಂಡಿನ ಕಡೆ ನೋಡುತ್ತದೆ. ಬೆಂಗಳೂರಿನಲ್ಲಿ ಓಟ ಬಲಗೈ ತಿರುವಿನದು. ಓಡುತ್ತಲೇ ಮುಂದೆ ಚಾಚುವ ಕಾಲನ್ನು ಬಲಕ್ಕೆ ಬದಲಿಸಿಕೊಳ್ಳಲು ಬಾರದ ಮರಿ ತಿರುವಿನಲ್ಲೇ ಎರಡು ಮೂರು ಉದ್ದ ಕಳೆದುಕೊಳ್ಳುತ್ತದೆ. ಗೇಟಿನಲ್ಲಿ ಒಳಗಿನ, ಅಂದರೆ ಕಟಾಂಜನದ ಪಕ್ಕದ ನಂಬರ್ ಸಿಕ್ಕರೆ ಅನನುಭವಿ ಕುದುರೆಗೆ ಅದೇ ಬೋನು, ಇಕ್ಕಟ್ಟಿನಲ್ಲಿ ಸಿಕ್ಕಿಬೀಳುತ್ತದೆ. ನಡುವಿನ ನಂಬರ್ ವಾಸಿ.

ಆದ್ದರಿಂದ ಸ್ಥಾನಕ್ಕಿಂತ ಕೊನೆಯ 200 ಮೀಟರ್ ನೋಡಿ. ಏಳನೆಯದಾಗಿ ಬಂದರೂ ಅಲ್ಲಿ ಕಿವಿ ಮುಂದೆ ಚಾಚಿ ಕುದುರೆಗಳನ್ನು ದಾಟುತ್ತಿದ್ದರೆ ಅದು ಮುಂದೆ 1400, 1600 ಮೀಟರಿಗೆ ಆಗುವ ಕುದುರೆ. ಮೂರನೆಯದಾಗಿ ಬಂದು ಹೆಜ್ಜೆ ಮೊಟಕಾಗುತ್ತಿದ್ದರೆ ಅಷ್ಟು ಖುಷಿ ಬೇಡ.

ಜಾಕಿಗೆ ಹೇಳುವುದು ಟ್ರೇನರ್ ಕೆಲಸ. ಐದು ಜನ ಐದು ಮಾತು ಹೇಳಿ ಜಾಕಿ ಯಾವುದನ್ನೂ ಕೇಳದೆ ಹೋಗುವುದೇ ಹೆಚ್ಚು. ಮೊದಲ ಓಟ ಪಾಠ ಎಂಬ ಮಾತನ್ನು ತಪ್ಪು ತಿಳಿಯಬೇಡಿ. ಜಾಕಿ ಲಗಾಮು ಎಳೆದು ಹಿಡಿಯಲಿ, ಮುಂದಿನ ಸಲ ನೋಡೋಣ ಎಂಬ ಸೂಚನೆ ಕೊಟ್ಟರೆ ಅದು ಅಪರಾಧ. ಓಟದ ನಿಯಮ ಕಾಯುವ ಸ್ಟೂವರ್ಡ್‌ಗಳು ವಿಡಿಯೊ ನೋಡುತ್ತಾರೆ, ಶಿಕ್ಷೆ ಮಾಲೀಕರಿಗೂ ತಟ್ಟುತ್ತದೆ. ಪ್ರತಿ ಕುದುರೆಯೂ ತನ್ನ ಕೈಲಾದಷ್ಟು ಓಡಲೇಬೇಕು. ಛಡಿ ಬೀಸದೆ ಕೈಯಲ್ಲೇ ಕೊನೆವರೆಗೂ ತಳ್ಳಿಸಿದ್ದು ಬೇರೆ, ಓಡದಂತೆ ಹಿಡಿದದ್ದು ಬೇರೆ.

ಓಟ ಮುಗಿದ ಮೇಲೆ ಟ್ರೇನರ್‌ಗೆ ಏನು ಕೇಳಬೇಕು? ಬಹುಮಾನ ಬಾರದ ಬೇಸರದಲ್ಲಿ ನಾವು ಯಾರೂ ಲಾಯಕ್ಕೆ ಹೋಗಲಿಲ್ಲ. (ಶಿವಮೊಗ್ಗ)

ಹೋಗಬೇಕಿತ್ತು. ಓಟವಾದ ಒಂದೆರಡು ಗಂಟೆಯೊಳಗೆ ಮೂಗಿನಿಂದ ಕೊಳವೆ ಇಳಿಸಿ ಶ್ವಾಸನಾಳ ನೋಡಿದರೆ ರಕ್ತ, ಕಫ ಇತ್ತೇ ಎಂಬುದು ಗೊತ್ತಾಗುತ್ತದೆ. ಮೂಗಿನಲ್ಲಿ ರಕ್ತ ಕಾಣದಿದ್ದರೂ ಒಳಗೆ ಇರಬಹುದು. ಕೊನೆಯಲ್ಲಿ ಇದ್ದಕ್ಕಿದ್ದಂತೆ ನಿಂತುಹೋದ ಕುದುರೆಗೆ ಈ ಪರೀಕ್ಷೆ ಮಾಡಿಸದೆ ಜಾಕಿಯನ್ನು ಬೈಯಬೇಡಿ. ಓಡುವಾಗ ಉಸಿರಿನಲ್ಲಿ ಗೊರಗೊರ ಸದ್ದಿದ್ದರೆ ಗಂಟಲಿನ ಒಂದು ಪಕ್ಕ ಸರಿಯಾಗಿ ತೆರೆಯುತ್ತಿಲ್ಲ ಎಂಬ ಅನುಮಾನ. ಅದೂ ಕೊಳವೆಯಲ್ಲೇ ಕಾಣುವುದು.

ಮರುದಿನ ಬೆಳಿಗ್ಗೆ ಗಟ್ಟಿ ನೆಲದ ಮೇಲೆ ಟ್ರಾಟ್ ಮಾಡಿಸಿ ನೋಡಲಿ. ಮುಂಗಾಲು ಕುಂಟುವ ಕುದುರೆ ನೋವಿನ ಕಾಲು ಊರುವಾಗ ತಲೆ ಎತ್ತುತ್ತದೆ. ತೂಕ ಬರೆಯಲಿ. ಓಟದಲ್ಲಿ ಕಳೆದುಕೊಂಡ ಕಿಲೋಗಳು ಒಂದು ವಾರದಲ್ಲಿ ಮರಳಬೇಕು. ಹತ್ತು ದಿನವಾದರೂ ಮರಳದಿದ್ದರೆ ಮುಂದಿನ ಓಟದ ನಮೂದು ತಡೆಯುವುದೇ ಲೇಸು.

ಖರ್ಚಿನ ಬಗ್ಗೆ, ತೆರಿಗೆಯ ಬಗ್ಗೆ ಒಂದೆರಡು ಮಾತು ಹೇಳಿ. (ಹುಬ್ಬಳ್ಳಿ)

ಒಪ್ಪಂದ ಬರೆಯುವಾಗ ಟ್ರೇನರ್ ಜೊತೆ ಮಾತಾಡುವವರು ಒಬ್ಬರೇ ಎಂದು ಗೊತ್ತುಮಾಡಿಕೊಳ್ಳಿ. ಇನ್ನೊಂದು ಕಲಮು ಹೆಚ್ಚಿನವರು ಮರೆಯುತ್ತಾರೆ: ರಾತ್ರಿ ಎರಡು ಗಂಟೆಗೆ ಹೊಟ್ಟೆಶೂಲೆ ಬಂದು ಶಸ್ತ್ರಚಿಕಿತ್ಸೆ ಬೇಕಾದರೆ ಯಾರು ಒಪ್ಪಿಗೆ ಕೊಡಬೇಕು, ಎಷ್ಟು ಮೊತ್ತದವರೆಗೆ? ಪಾಲುದಾರರೆಲ್ಲರಿಗೂ ಫೋನು ತಾಗುವವರೆಗೆ ಕರುಳು ಕಾಯುವುದಿಲ್ಲ. ತರಬೇತಿ ಶುಲ್ಕದೊಳಗೆ ಲಾಳ, ವೈದ್ಯರು, ಔಷಧ, ಸಾಗಣೆ, ಓಟದ ನಮೂದು ಶುಲ್ಕ ಇವುಗಳಲ್ಲಿ ಯಾವುದು ಸೇರಿದೆ, ಯಾವುದು ಪ್ರತ್ಯೇಕ ಎಂದು ಮೊದಲ ತಿಂಗಳೇ ಬರೆಸಿಕೊಳ್ಳಿ. ಗೆದ್ದ ಹಣದಲ್ಲಿ ಟ್ರೇನರ್, ಜಾಕಿಯ ಪಾಲು ಕಳೆದು ಉಳಿದದ್ದು ಮಾತ್ರ ನಿಮಗೆ.

ರೇಸ್ ಕುದುರೆ ಸಾಕಿದ ನಷ್ಟವನ್ನು ಸಂಬಳದ, ಅಂಗಡಿಯ ಆದಾಯದ ಎದುರು ಕಳೆಯಲು ಬರುವುದಿಲ್ಲ. ಆದಾಯ ತೆರಿಗೆ ಕಾಯ್ದೆಯ ನಿಯಮದಂತೆ ಅದನ್ನು ಕುದುರೆ ಸಾಕುವುದರಿಂದಲೇ ಬಂದ ಆದಾಯದ ಎದುರು ಮಾತ್ರ ಹೊಂದಿಸಬಹುದು, ನಾಲ್ಕು ವರ್ಷದವರೆಗೆ ಮುಂದಕ್ಕೆ ಒಯ್ಯಬಹುದು, ಅದೂ ಆ ವರ್ಷ ಕುದುರೆ ಸಾಕುವುದು ಮುಂದುವರಿದಿದ್ದರೆ. ಬೆಟ್ಟಿಂಗಿನಲ್ಲಿ ಗೆದ್ದ ಹಣ ಈ ಲೆಕ್ಕಕ್ಕೆ ಸೇರುವುದಿಲ್ಲ. ಬಿಲ್ಲುಗಳನ್ನು ಪಾಲುವಾರು ಹಂಚಿ ಪ್ರತಿಯೊಬ್ಬರ ಹೆಸರಿನಲ್ಲೂ ಪಡೆದಿಟ್ಟುಕೊಳ್ಳಿ.

ಪ್ಯಾಡಾಕಿಗೆ ಐವರೂ ಮನೆಮಂದಿಯೊಂದಿಗೆ ಹೋಗಬಹುದೆ? (ಬೆಂಗಳೂರು, ಅದೇ ಪಾಲುದಾರರು)

ಮಾಲೀಕರ ಬ್ಯಾಡ್ಜ್ ಎಷ್ಟು ಸಿಗುತ್ತದೆ ಎಂದು ಕ್ಲಬ್ಬಿನ ಕಚೇರಿಯಲ್ಲಿ ಎರಡು ದಿನ ಮೊದಲೇ ವಿಚಾರಿಸಿ. ಉಡುಪಿನ ನಿಯಮವನ್ನೂ ಆಗಲೇ ಕೇಳಿಕೊಳ್ಳಿ, ಚಪ್ಪಲಿ ಹಾಕಿ ಬಂದು ಬಾಗಿಲಲ್ಲೇ ಉಳಿದವರಿದ್ದಾರೆ. ಒಳಗೆ ಹೋದ ಮೇಲೆ ಕೊಡೆ ಬಿಚ್ಚಬೇಡಿ, ಫ್ಲ್ಯಾಶ್ ಹಾಕಿ ಫೋಟೊ ಬೇಡ. ಕುದುರೆಯ ಹಿಂಭಾಗದಿಂದ ಮೂರು ಮಾರು ದೂರ ನಿಲ್ಲಿ. ಆ ದಿನ ಅದು ನಿಮ್ಮ ಗುರುತು ಹಿಡಿಯುವ ಸ್ಥಿತಿಯಲ್ಲಿರುವುದಿಲ್ಲ.